ಅಟ್ಟದ ಮೇಲಿನ ಕ್ಯಾರಿಯರ್

ಜುಲೈ ರಜೆಗೆ ದಾವಣಗೆರೆಗೆ ಹೋಗಿದ್ದಾಗ ಅಣ್ಣ ಬೆಳಿಗ್ಗೆನೇ ಬೆಣ್ಣೆ ದೋಸೆ ಪಾರ್ಸೆಲ್ ತಂದ. ಪಲ್ಯ ಕವರಿನಲ್ಲಿತ್ತು, ಬಾಯಿಗೆ ರಬ್ಬರ್ ಬ್ಯಾಂಡು. ಒಳಗೆಲ್ಲ ಹಬೆ ಹನಿಗಟ್ಟಿ, ಹಿಡಿದರೆ ಬೆರಳು ಸುಡುವಷ್ಟು ಬಿಸಿ. ನನ್ನ ಏಳು ವರ್ಷದ ಮಗಳು, "ಬಿಸಿ ಊಟ ಪ್ಲಾಸ್ಟಿಕ್‌ಗೆ ಹಾಕಬಾರದು" ಅಂದುಬಿಟ್ಟಳು. ಅಮ್ಮ ನಕ್ಕರು. "ಏನೂ ಆಗಲ್ಲ ಬಿಡೇ, ನಿಮ್ಮಪ್ಪ ಇದನ್ನೇ ತಿಂದು ಬೆಳೆದಿದ್ದು."

ಚುಚ್ಚಿದ್ದು ಆ ಮಾತು. ನಾನೆಲ್ಲಿ ಕವರಿನದ್ದು ತಿಂದು ಬೆಳೆದೆ? ಭಾನುವಾರ ದೋಸೆ ತರೋಕೆ ನನ್ನ ಕೈಗೆ ಸ್ಟೀಲ್ ಕ್ಯಾರಿಯರ್ ಕೊಡುತ್ತಿದ್ದವರೇ ಅಮ್ಮ. ಮೇಲಿನ ಡಬ್ಬಿಗೆ ಚಟ್ನಿ, ಕೆಳಗಿನದಕ್ಕೆ ಪಲ್ಯ. ಮುಚ್ಚಳದ ಮೇಲೆ ತಾತನ ಹೆಸರು ಕೊರೆಸಿತ್ತು. ಈಗ ಅದು ಅಟ್ಟ ಸೇರಿದೆ.

ನಾವಿರುವುದು ಫ್ರಾನ್ಸಿನ ತುಲೂಸ್‌ನಲ್ಲಿ. ಅಲ್ಲಿ 2018ರಲ್ಲಿ ಒಂದು ಕಾನೂನು ಮಾಡಿದರು. ಅದರ ಪ್ರಕಾರ 2025ರ ಜನವರಿ 1ರಿಂದ ಶಾಲೆಯ ಕ್ಯಾಂಟೀನಿನಲ್ಲಿ ಪ್ಲಾಸ್ಟಿಕ್ ಪಾತ್ರೆಯಲ್ಲಿ ಬೇಯಿಸುವ, ಬಿಸಿ ಮಾಡುವ, ಬಡಿಸುವ ಹಾಗಿಲ್ಲ. ತೀರಾ ಸಣ್ಣ ಊರುಗಳಿಗೆ ಮಾತ್ರ 2028ರ ಜನವರಿ 1ರವರೆಗೆ ಸಮಯ. ಮಗಳ ಕ್ಯಾಂಟೀನಿನ ಸ್ಟೀಲ್ ಟ್ರೇಗಳನ್ನು ಮೊದಲ ಸಲ ನೋಡಿದಾಗ ನಮ್ಮ ಕಡೆ ಮದುವೆಯ ಅಡುಗೆಮನೆ ಹೊಕ್ಕ ಹಾಗಾಯಿತು. ನಾವು ಅಟ್ಟಕ್ಕೆ ಹಾಕಿದ್ದನ್ನು ಇವರು ಕಾನೂನು ಮಾಡಿ ಇಳಿಸಿಕೊಂಡಿದ್ದಾರೆ!

ಅವರ ಭಯ ಸುಮ್ನೆ ಬಂದದ್ದಲ್ಲ. ಬಿಸಿ ಮತ್ತು ಜಿಡ್ಡು ಸೇರಿದರೆ ಪ್ಲಾಸ್ಟಿಕ್‌ನಲ್ಲಿರುವ ರಾಸಾಯನಿಕಗಳು ಊಟಕ್ಕೆ ಜಾಸ್ತಿ ಇಳಿಯುತ್ತವೆ. ಬೆಣ್ಣೆ ದೋಸೆಯ ಊರಿಗೆ ಇದನ್ನು ಬಿಡಿಸಿ ಹೇಳಬೇಕಾ? ಕೆಲವು ಪ್ಲಾಸ್ಟಿಕ್ ಮಾಡಲು ಬಳಸುವ ಬಿಸ್ಫಿನಾಲ್ ಎ, ಅಂದರೆ ಬಿಪಿಎ, ಮೈಯೊಳಗೆ ಈಸ್ಟ್ರೋಜನ್ ಎಂಬ ಹಾರ್ಮೋನಿನ ವೇಷ ಹಾಕುತ್ತದೆ. ಇಂಥ ಕೆಲವು ರಾಸಾಯನಿಕಗಳು, ಇನ್ನೂ ಏನಾಗಬೇಕೆಂದು ತೀರ್ಮಾನವಾಗದ ಎಳೆಯ ಜೀವಕೋಶಗಳನ್ನು ಕೊಬ್ಬಿನ ಕೋಶಗಳಾಗುವಂತೆ ತಳ್ಳುತ್ತವೆ, ಇನ್ಸುಲಿನ್ ಕೆಲಸವನ್ನೂ ಕೆಡಿಸುತ್ತವೆ ಎಂದು ಪ್ರಯೋಗಾಲಯಗಳಲ್ಲಿ ಕಂಡಿದೆ. 2006ರಲ್ಲಿ ಬ್ರೂಸ್ ಬ್ಲಂಬರ್ಗ್ ಎಂಬ ವಿಜ್ಞಾನಿ ಇವಕ್ಕೆ 'ಒಬೆಸೋಜನ್', ಅಂದರೆ ಬೊಜ್ಜು ತರುವಂಥವು, ಅಂತ ಹೆಸರಿಟ್ಟರು. ಗರ್ಭದಲ್ಲಿರುವಾಗ ಮತ್ತು ಹುಟ್ಟಿದ ಮೊದಲ ವರ್ಷಗಳಲ್ಲಿ ಇದರ ಪೆಟ್ಟು ಜಾಸ್ತಿ. 2023ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯು ಬಿಪಿಎ ದಿನಕ್ಕೆ ಎಷ್ಟು ಹೋದರೆ ಪರವಾಗಿಲ್ಲ ಎಂಬ ಮಿತಿಯನ್ನು 20,000 ಪಟ್ಟು ಇಳಿಸಿತು. ಅಂದರೆ ಅಲ್ಲಿಯವರೆಗೆ ಎಷ್ಟು ಧೈರ್ಯವಾಗಿದ್ದರು ನೋಡಿ.

ಇದನ್ನೆಲ್ಲ ಊಟದ ಹೊತ್ತಲ್ಲಿ ಹೇಳಿದೆ. ಅತ್ತಿಗೆ ಕೆಮಿಸ್ಟ್ರಿ ಓದಿದವರು. "ಕವರು ಪಾಲಿಥಿನ್ ಕಣೋ, ಬಿಪಿಎ ಬರೋದು ಗಟ್ಟಿ ಪಾಲಿಕಾರ್ಬೊನೇಟ್‌ನಿಂದ, ಆಹಾರ ತುಂಬಿ ಮಾರುವ ತಗಡಿನ ಡಬ್ಬಿಯ ಒಳಗಿನ ಲೇಪದಿಂದ" ಅಂದರು. ನಿಜ. ಆದರೂ ಬಣ್ಣದ ಕವರಿಗೆ ಏನೇನು ಬೆರೆಸಿರುತ್ತಾರೋ ಯಾರಿಗೆ ಗೊತ್ತು ಅಂತ ವಾದ ಎಳೆದೆ. ಅವರು ಬಿಡಲಿಲ್ಲ. ಮನುಷ್ಯರಲ್ಲಿ ಸಿಕ್ಕಿರುವುದು ಹೆಚ್ಚಾಗಿ ಈ ರಾಸಾಯನಿಕಗಳಿಗೂ ಬೊಜ್ಜಿಗೂ ನಂಟಿದೆ ಎಂಬ ಸುಳಿವು, ಇದೇ ಕಾರಣ ಅಂತ ಬೆರಳು ತೋರಿಸುವುದು ಕಷ್ಟ ಅಂದರು. ಹೂಂ, ಅದೂ ನಿಜವೇ. ನನ್ನ ಮಗಳು ತುಲೂಸ್‌ನಲ್ಲಿ ಸ್ಟೀಲ್ ತಟ್ಟೆಯಲ್ಲಿ ಉಂಡು, ಸಂಜೆ ಪ್ಲಾಸ್ಟಿಕ್ ಪೊಟ್ಟಣದ ಬಿಸ್ಕತ್ತು ಹಿಡಿದು ಟ್ಯಾಬ್ ಮುಂದೆ ಕೂರುತ್ತಾಳೆ. ಅಣ್ಣನ ಮಗ ಕತ್ತಲಾಗುವವರೆಗೂ ಬೀದಿಯಲ್ಲಿ ಕ್ರಿಕೆಟ್ ಆಡುತ್ತಾನೆ.

ಆದರೂ ಮರುದಿನ ಅಟ್ಟ ಹತ್ತಿದೆ. ಕ್ಯಾರಿಯರ್ ತೊಳೆದು, ಮಗಳ ಕೈ ಹಿಡಿದು ಹೋಟೆಲಿಗೆ ಹೋದೆ. ಪಾರ್ಸೆಲ್ ಕಟ್ಟುವ ಹುಡುಗ ತಾತನ ಹೆಸರು ಓದಿ, "ಹಳೇ ಮಾಲು ಸರ್, ಗಟ್ಟಿ ಐತೆ" ಅಂದ. ಆಮೇಲೆ ಪಲ್ಯವನ್ನು ಕವರಿಗೆ ಹಾಕಿ, ರಬ್ಬರ್ ಬ್ಯಾಂಡು ಸುತ್ತಿ, ಆ ಕವರನ್ನು ಜೋಪಾನವಾಗಿ ಕೆಳಗಿನ ಡಬ್ಬಿಯೊಳಗೆ ಇಟ್ಟ.