ಸೇತುವೆ ಇಲ್ಲದ ದ್ವೀಪ

ನಾನು ಹುಟ್ಟಿದ್ದೇ ದ್ವೀಪದಲ್ಲಿ. ನಗಬೇಡಿ. ಗಂಜಾಂ ಇರುವುದು ಶ್ರೀರಂಗಪಟ್ಟಣದಲ್ಲಿ, ಶ್ರೀರಂಗಪಟ್ಟಣದ ಸುತ್ತಲೂ ಕಾವೇರಿ. ದ್ವೀಪ ಅಲ್ಲದೆ ಇನ್ನೇನು? ಆದರೆ ನಮಗೆ ಯಾವತ್ತೂ ಹಾಗೆ ಅನ್ನಿಸಿದ್ದೇ ಇಲ್ಲ. 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆ ಇದೆ, ಹೆದ್ದಾರಿ ಇದೆ, ರೈಲಂತೂ ಊರೊಳಗೇ ಹಾದು ಹೋಗುತ್ತದೆ. ಈ ಅಂಗಡಿಯ ಟೀ ಚೆನ್ನಾಗಿಲ್ಲ ಅಂದರೆ ರಸ್ತೆ ದಾಟಿ ಆ ಅಂಗಡಿಗೆ ಹೋಗುತ್ತೇವೆ. ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟು ಸೇತುವೆ ಮೇಲೆ ಓಡಾಟ ನಿಲ್ಲಿಸಿದ ದಿನ ಮಾತ್ರ, ಅಯ್ಯೋ ನಾವು ದ್ವೀಪದವರು ಅಲ್ವಾ ಅಂತ ನೆನಪಾಗುವುದು.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಹೋದ ವಾರ ಅಕ್ಕನ ಮಗಳು ವಾಟ್ಸಾಪಲ್ಲಿ ಮೂರು ಲಿಂಕ್ ಕಳಿಸಿದಳು. ವೈಶಾಖದಲ್ಲಿ ಅವಳ ಮದುವೆ. ಆಷಾಢಕ್ಕೆ ತವರಿಗೆ ಕರೆದುಕೊಂಡು ಬರಬೇಕು, ಆ ವಿಷಯದಲ್ಲಿ ಅಕ್ಕ ಯಾರ ಮಾತೂ ಕೇಳುವವಳಲ್ಲ. ಅಷ್ಟರೊಳಗೆ ಗಂಡ ಹೆಂಡತಿ ಮಾಲ್ಡೀವ್ಸ್‌ಗೆ ಹೋಗಿ ಬರಬೇಕಂತೆ. "ಮಾವ, ನೀವು ಹೋಗಿ ಬಂದಿದ್ದೀರಲ್ಲ, ಇದರಲ್ಲಿ ಯಾವುದು ಚೆನ್ನಾಗಿದೆ ಹೇಳಿ" ಅಂದಳು.

ಲಿಂಕ್ ತೆಗೆದು ನೋಡಿದೆ. ಮೂರರಲ್ಲೂ ಒಂದೇ ಫೋಟೋ ಅನ್ನಬಹುದು. ನೀರಿನ ಮೇಲೆ ಸಾಲಾಗಿ ಮರದ ಮನೆಗಳು, ಬಿಳಿ ಹಾಸಿಗೆ, ಹಾಸಿಗೆ ಮೇಲೆ ಟವೆಲ್ಲಲ್ಲಿ ಮಾಡಿದ ಹಂಸ. ಫೋಟೋ ನೋಡಿ ಆರಿಸಲು ಹೋದರೆ ಮೂರೂ ಒಂದೇ. ನಾವು ಮೋಸ ಹೋಗಿದ್ದೂ ಹೀಗೆಯೇ.

ನಾವು ಹೋಗಿದ್ದು ನಾಲ್ಕು ಜನ. ನಾನು, ಮನೆಯವಳು, ಮಗ, ಜೊತೆಗೆ ಎಪ್ಪತ್ತು ದಾಟಿದ ನಮ್ಮಮ್ಮ. ಅಮ್ಮನನ್ನು ಅಲ್ಲಿಗೆಲ್ಲ ಯಾಕೆ ಕರೆದುಕೊಂಡು ಹೋಗುತ್ತೀಯ ಅಂತ ಕೇಳಿದವರಿಗೆ ಲೆಕ್ಕವಿಲ್ಲ. ದ್ವೀಪದಲ್ಲಿ ಹುಟ್ಟಿ ಬೆಳೆದವಳು ಸಮುದ್ರದ ದ್ವೀಪ ನೋಡಬಾರದಾ ಅಂತ ನನ್ನ ವಾದ. ಅಮ್ಮನ ವಾದ ಬೇರೆ ಇತ್ತು. "ರಂಗನಾಥನ್ನ ಬಿಟ್ಟು ನಾನೆಲ್ಲಿಗೂ ಬರಲ್ಲ." ಪೂಜೆಯ ವಿಗ್ರಹಗಳನ್ನು ಆ ದೇಶದೊಳಗೆ ತರುವ ಹಾಗಿಲ್ಲ. ದಿನಾ ಪೂಜೆ ಮಾಡುವ ಚಿಕ್ಕ ಬೆಳ್ಳಿ ವಿಗ್ರಹವನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು, ದಿನಾ ಹೂವು ಏರಿಸಿ ಅಂತ ಎರಡು ಸಲ ಹೇಳಿ ಹೊರಟಳು.

ಮೈಸೂರಿಂದ ಬೆಂಗಳೂರು ಏರ್‌ಪೋರ್ಟಿಗೆ ಫ್ಲೈಬಸ್ಸಲ್ಲಿ ಹೋಗುವ ಹೊತ್ತು, ಅಲ್ಲಿಂದ ಮಾಲ್ಡೀವ್ಸ್ ರಾಜಧಾನಿ ಮಾಲೆಗೆ ಹಾರುವ ಹೊತ್ತಿಗಿಂತ ಜಾಸ್ತಿ. ಹತ್ತಿರದ ದೇಶ, ವೀಸಾ ಅಲ್ಲೇ ಇಳಿದ ಮೇಲೆ ಪುಕ್ಕಟೆ ಕೊಡುತ್ತಾರೆ. ಆದರೆ ಮಾಲೆ ಮುಟ್ಟಿದರೆ ರೆಸಾರ್ಟ್ ಮುಟ್ಟಿದ ಹಾಗಲ್ಲ. ಅಲ್ಲಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ನಮ್ಮದಕ್ಕೆ ಹೋಗಲು ಸೀಪ್ಲೇನ್, ಅಂದರೆ ನೀರಿನ ಮೇಲೇ ಇಳಿಯುವ ಪುಟ್ಟ ವಿಮಾನ ಹತ್ತಬೇಕಿತ್ತು. ಈ ಸೀಪ್ಲೇನ್ ಹಾರುವುದು ಹಗಲು ಹೊತ್ತಲ್ಲಿ ಮಾತ್ರ. ನಮ್ಮ ವಿಮಾನ ಮಾಲೆಯಲ್ಲಿ ಇಳಿದಾಗ ಸಂಜೆ ಐದು. ಇವತ್ತಿನ ಕೊನೆಯ ಸೀಪ್ಲೇನ್ ಹೋಯಿತು ಸರ್, ನಾಳೆ ಬೆಳಿಗ್ಗೆ ಬನ್ನಿ ಅಂದರು. ಟಿಕೆಟ್ ಮಾಡಿಸಿದ ಏಜೆಂಟ್ ಮಹಾಶಯ ಈ ಒಂದು ಮಾತು ಹೇಳಿರಲಿಲ್ಲ. ರೆಸಾರ್ಟಿನಲ್ಲಿ ಆ ರಾತ್ರಿಯ ದುಡ್ಡೂ ಹೋಯಿತು, ಪಕ್ಕದ ಹುಲ್ಹುಮಾಲೆಯಲ್ಲಿ ಎರಡು ರೂಮಿಗೆ ಬೇರೆ ಕೊಟ್ಟಿದ್ದೂ ಆಯಿತು.

ಮಾರನೆಯ ಬೆಳಿಗ್ಗೆ ಬ್ಯಾಗು ತೂಕ ಹಾಕಿದರು. ಸಾಮಾನ್ಯವಾಗಿ ತಲೆಗೆ 20 ಕೆಜಿ, ಕೈಯಲ್ಲಿ 5. ಅಮ್ಮನ ಬ್ಯಾಗಲ್ಲಿ ಬಟ್ಟೆಗಿಂತ ಚಟ್ನಿಪುಡಿ, ಕೊಬ್ಬರಿ ಮಿಠಾಯಿ, ಹುರಿಗಾಳಿನ ತೂಕವೇ ಜಾಸ್ತಿ. ಇಷ್ಟಾದರೂ ಆ ಸೀಪ್ಲೇನ್ ಪ್ರಯಾಣ ಇದೆಯಲ್ಲ, ಅದಕ್ಕೆ ಕೊಟ್ಟ ದುಡ್ಡು ಮೋಸ ಅನ್ನಲಾರೆ. ಪೈಲಟ್ ಬರಿಗಾಲಲ್ಲಿ ಕೂತಿದ್ದ. ಅಮ್ಮ ಅವನ ಕಾಲನ್ನೇ ನೋಡುತ್ತಿದ್ದಳು. "ಚಪ್ಪಲಿ ಬಿಟ್ಟು ಓಡಿಸ್ತಾನೆ, ಒಳ್ಳೆ ಹುಡುಗ" ಅಂದಳು. ಕೆಳಗೆ ನೀಲಿ ನೀರಲ್ಲಿ ಉಂಗುರ ಉಂಗುರವಾಗಿ ಹವಳದ ದಿಬ್ಬಗಳು. ನಾವು ಪುಸ್ತಕದಲ್ಲಿ ಓದಿದ ಅಟಾಲ್ ಅನ್ನುವ ಪದ ಅವರ ದಿವೇಹಿ ಭಾಷೆಯಿಂದಲೇ ಇಂಗ್ಲಿಷಿಗೆ ಹೋಗಿದ್ದು. ಅವರು ದೋಣಿಗೂ ದೋಣಿ ಅಂತಲೇ ಅನ್ನುತ್ತಾರೆ! ಇದು ಗೊತ್ತಾದ ಮೇಲೆ ಅಮ್ಮ ಅಲ್ಲಿಯ ಹುಡುಗರ ಜೊತೆ ಸೀದಾ ಕನ್ನಡದಲ್ಲೇ ಮಾತಾಡಲು ಶುರು ಮಾಡಿದಳು.

ಇಳಿದ ಮೇಲೆ ಮೊದಲ ದಿನ ಎಲ್ಲ ಚೆಂದ. ಎರಡನೇ ದಿನದಿಂದ ಸೇತುವೆ ಇಲ್ಲ ಅನ್ನುವುದರ ಅರ್ಥ ಆಗುತ್ತಾ ಬಂತು. ಕಾಫಿ ಚೆನ್ನಾಗಿಲ್ಲ. ಆಯಿತು, ಎಲ್ಲಿಗೆ ಹೋಗುತ್ತೀರಿ? ಊಟಕ್ಕೆ ಅದೇ ಬಫೆ. ನಾವು ತೆಗೆದುಕೊಂಡಿದ್ದು ಹಾಫ್ ಬೋರ್ಡ್, ಅಂದರೆ ಬೆಳಗಿನ ತಿಂಡಿ, ರಾತ್ರಿ ಊಟ ಮಾತ್ರ. ಮಧ್ಯಾಹ್ನ ಹಸಿವಾಗುತ್ತದೆ ಅನ್ನುವುದು ಬುಕ್ ಮಾಡುವಾಗ ಹೊಳೆಯಲೇ ಇಲ್ಲ. ಮೈಸೂರಲ್ಲಾದರೆ ಹೊರಗೆ ಹೋಗಿ ಎರಡು ಇಡ್ಲಿ ತಿಂದು ಬರುತ್ತಿದ್ದೆವು. ಅಲ್ಲಿ ಮಗ ತಿಂದ ಒಂದು ಪ್ಲೇಟ್ ನೂಡಲ್ಸ್ ಬಿಲ್ ನೋಡಿ ನಾನೂ ಮನೆಯವಳೂ ಚಟ್ನಿಪುಡಿ, ಬೆಳಿಗ್ಗೆ ಎತ್ತಿಟ್ಟುಕೊಂಡ ಬ್ರೆಡ್ಡು ತಿಂದೆವು. ಐಷಾರಾಮಿ ರೂಮಲ್ಲಿ ಕೂತು ಬ್ರೆಡ್ಡಿಗೆ ಚಟ್ನಿಪುಡಿ. ಆಗ ಅಮ್ಮನ ಬ್ಯಾಗಿನ ತೂಕದ ಬಗ್ಗೆ ಯಾರೂ ಮಾತಾಡಲಿಲ್ಲ.

ಅದಕ್ಕೇ ಅಕ್ಕನ ಮಗಳಿಗೆ ಹೇಳಿದೆ. ನೋಡವ್ವ, ರೂಮು ಆಮೇಲೆ. ಮೊದಲು ಊಟ ನೋಡು, ದಾರಿ ನೋಡು, ಮನೆ ಮುಂದಿನ ನೀರು ನೋಡು. ಈ ಮೂರನ್ನು ಅಲ್ಲಿಗೆ ಹೋದ ಮೇಲೆ ಬದಲಾಯಿಸುವುದು ಕಷ್ಟ. ರೂಮು ಬೇಕಾದರೆ ಬದಲಾಯಿಸಿ ಕೊಡುತ್ತಾರೆ.

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇದನ್ನು ಯಾರೂ ಹೇಳುವುದಿಲ್ಲ. ನಾವಿದ್ದ ದ್ವೀಪದ ಸುತ್ತ ತಿಳಿನೀಲಿ ನೀರು, ಕಣ್ಣು ಹರಿಯುವವರೆಗೂ ಸೊಂಟದ ಮಟ್ಟ. ಫೋಟೋಗೆ ಅದಕ್ಕಿಂತ ಚೆಂದ ಇಲ್ಲ. ಆದರೆ ಕೆಳಗೆ ಬರೀ ಮರಳು. ಕನ್ನಡಕ ಹಾಕಿಕೊಂಡು ಮುಳುಗಿದರೆ ಮೀನಿಲ್ಲ, ಹವಳವಿಲ್ಲ, ನಮ್ಮ ಕಾಲೇ ಕಾಣುವುದು. ಮೀನು ನೋಡಬೇಕಾದರೆ ತಲೆಗೆ ಇಷ್ಟು ಡಾಲರ್ ಕೊಟ್ಟು ದೋಣಿಯಲ್ಲಿ ಹೋಗಬೇಕು. ಕೆಲವು ದ್ವೀಪಗಳಲ್ಲಿ ದಡದಿಂದ ಮೂವತ್ತು ನಲವತ್ತು ಮೀಟರಿಗೇ ಹವಳದ ಅಂಚು ಇರುತ್ತದೆ, ಅದಕ್ಕೆ ಹೌಸ್ ರೀಫ್ ಅನ್ನುತ್ತಾರೆ. ದಡದಿಂದ ಇಳಿದು ನಾಲ್ಕು ಸಲ ಕೈಕಾಲು ಬಡಿದರೆ ಸಾಕು, ಬಣ್ಣಬಣ್ಣದ ಮೀನು, ಆಮೆ, ಎಲ್ಲ ಪುಕ್ಕಟೆ. ಯಾವುದು ಹೇಗೆ ಅಂತ ತಿಳಿಯಲು ರೆಸಾರ್ಟಿನವರನ್ನು ಕೇಳುವುದೇ ಬೇಡ. ಗೂಗಲ್ ಮ್ಯಾಪಲ್ಲಿ ಸ್ಯಾಟಲೈಟ್ ನೋಟ ಹಾಕಿಕೊಂಡು ದ್ವೀಪದ ಹೆಸರು ಹುಡುಕಿ. ದಡಕ್ಕೂ ಕಡುನೀಲಿಗೂ ನಡುವೆ ತಿಳಿನೀಲಿ ಪಟ್ಟಿ ಸಣ್ಣದಿದ್ದರೆ ಹವಳ ಹತ್ತಿರ. ತಿಳಿನೀಲಿ ಬಯಲಿನ ಹಾಗೆ ಹರಡಿದ್ದರೆ ಮರಳು. ಈಜು ಬರದವರಿಗೆ, ಮಕ್ಕಳಿಗೆ ಆ ಬಯಲೇ ಒಳ್ಳೆಯದು, ಅದು ಬೇರೆ ಮಾತು. ಮ್ಯಾಪಲ್ಲಿ ದ್ವೀಪದ ಅಂಚು ಸ್ಕೇಲ್ ಹಿಡಿದು ಎಳೆದ ಹಾಗಿದ್ದರೆ ಅದು ಮರಳು ತುಂಬಿ ಮಾಡಿದ ದ್ವೀಪ ಇರಬಹುದು. ಅಂಥ ಕಡೆ ತೆಂಗಿನ ಮರಗಳೂ ಎಳೆಯವು, ನೆರಳು ಕಡಿಮೆ.

1998ರಲ್ಲಿ ಮತ್ತು 2016ರಲ್ಲಿ ಸಮುದ್ರ ಕಾದು ಅಲ್ಲಿಯ ಹವಳ ದೊಡ್ಡ ಪ್ರಮಾಣದಲ್ಲಿ ಬಿಳುಚಿಕೊಂಡಿತು. ಹಾಗಾಗಿ ಹತ್ತು ಹದಿನೈದು ವರ್ಷದ ಹಿಂದಿನ ಫೋಟೋ ನೋಡಿ ಕನಸು ಕಾಣಬೇಡಿ. ಹೋದ ವರ್ಷ ಹೋಗಿ ಬಂದವರು ನೀರೊಳಗೆ ತೆಗೆದ ವಿಡಿಯೋ ಸಿಕ್ಕರೆ ನೋಡಿ.

ಇನ್ನು ದುಡ್ಡು. ಅಕ್ಕನ ಮಗಳು ಹಿಡಿದಿದ್ದ ಲೆಕ್ಕ ರಾತ್ರಿಗೆ 450 ಡಾಲರ್, ನಾಲ್ಕು ರಾತ್ರಿಗೆ 1,800. ಕೂತು ಕೂಡಿಸಿದೆವು. ಮೊದಲು ಸರ್ವಿಸ್ ಚಾರ್ಜ್ 10 ಪರ್ಸೆಂಟ್, 495 ಆಯಿತು. ಅದರ ಮೇಲೆ ಪ್ರವಾಸಿ ಜಿಎಸ್‌ಟಿ. 2025ರ ಜುಲೈಯಿಂದ ಅದು 17 ಪರ್ಸೆಂಟ್. 579 ದಾಟಿತು. ಆಮೇಲೆ ಗ್ರೀನ್ ಟ್ಯಾಕ್ಸ್, ರೆಸಾರ್ಟಲ್ಲಿ ಒಬ್ಬರಿಗೆ ಒಂದು ರಾತ್ರಿಗೆ 12 ಡಾಲರ್, ಇಬ್ಬರಿಗೆ 24. ಅಲ್ಲಿಗೆ ರಾತ್ರಿಗೆ 603. ನಾಲ್ಕು ರಾತ್ರಿಗೆ 2,400ರ ಮೇಲಾಯಿತು. ಸೀಪ್ಲೇನ್ ಹೋಗಿ ಬರಲು ಒಬ್ಬರಿಗೆ 500 ಅಂತ ಹಾಕಿದ್ದರು, ಇಬ್ಬರದು 1,000. ಒಟ್ಟು 3,400. "ಮಾವ, ಇದು ಡಬ್ಬಲ್ ಆಯ್ತಲ್ಲ!" ಅಂದಳು. ಇನ್ನೂ ವಿಮಾನದ ಟಿಕೆಟ್ ಹಿಡಿದಿಲ್ಲ, ಮಧ್ಯಾಹ್ನದ ಊಟ ಹಿಡಿದಿಲ್ಲ ಕಣೆ ಅಂದೆ.

ಅದಕ್ಕೇ ನನ್ನ ಅಭಿಪ್ರಾಯ, ಕೆಲವರು ಒಪ್ಪಲಿಕ್ಕಿಲ್ಲ. ರೂಮಲ್ಲಿ ಒಂದು ಮೆಟ್ಟಿಲು ಕೆಳಗಿಳಿದು ಊಟದಲ್ಲಿ ಒಂದು ಮೆಟ್ಟಿಲು ಮೇಲೆ ಹತ್ತಿ. ನೀರಿನ ಮೇಲಿನ ಮನೆಗೆ ಕೊಡುವ ಹೆಚ್ಚಿನ ದುಡ್ಡನ್ನು ಮೂರು ಹೊತ್ತಿನ ಊಟಕ್ಕೆ ಕೊಡಿ, ದಡದ ಮೇಲಿನ ಮನೆ ತೆಗೆದುಕೊಳ್ಳಿ. ಮರದ ನೆರಳು ಸಿಗುತ್ತದೆ. ಬಾಗಿಲು ತೆಗೆದರೆ ಮರಳು. ನಮ್ಮ ನೀರಿನ ಮೇಲಿನ ಮನೆಯಿಂದ ಊಟದ ಜಾಗಕ್ಕೆ ಮರದ ಹಲಗೆ ಮೇಲೆ ಹತ್ತು ನಿಮಿಷದ ನಡಿಗೆ, ಮಧ್ಯಾಹ್ನದ ಬಿಸಿಲಲ್ಲಿ. ಅಮ್ಮ ಮೊದಲ ರಾತ್ರಿ ಮಲಗಲೇ ಇಲ್ಲ. ಕೆಳಗೆ ನೀರು ಗುಳುಗುಳು ಅನ್ನುತ್ತಿತ್ತು. "ಪ್ರವಾಹ ಬಂದಂಗೆ ಐತೆ" ಅಂದಳು. ಎರಡನೇ ದಿನ ಕೇಳಿಕೊಂಡು ಅವಳಿಗೂ ಮಗನಿಗೂ ದಡದ ಮೇಲೆ ರೂಮು ಮಾಡಿಸಿದೆ. ಅದೇ ಆ ಪ್ರವಾಸದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ.

ನೀರಲ್ಲಿ ತೇಲುವ ತಟ್ಟೆಯ ತಿಂಡಿ ಬಗ್ಗೆ ಅಕ್ಕನ ಮಗಳು ಕೇಳಿದಳು. ಅದನ್ನೂ ನೋಡಿದ್ದೇನೆ. ಪಕ್ಕದ ಮನೆಯ ಜೋಡಿ ತರಿಸಿದ್ದರು. ಅವರು ಫೋನ್ ಹಿಡಿದು ಕೋನ ಹುಡುಕುತ್ತಿರುವಾಗ ಕಾಗೆ ಬಂದು ಒಂದು ಬನ್ನು ಎತ್ತಿಕೊಂಡು ಹೋಯಿತು. ಅಮ್ಮ ದೂರದಿಂದಲೇ ಕೈ ಮುಗಿದಳು.

ಅದೇ ಅಮ್ಮನಿಗೆ ಅಲ್ಲಿ ಹಿಡಿಸಿದ ತಿಂಡಿ ಯಾವುದು ಗೊತ್ತಾ? ಮಾಸ್ ಹುನಿ. ಟ್ಯೂನಾ ಮೀನಿನ ಚೂರು, ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆಹುಳಿ ಕಲಸಿ ಚಪಾತಿಯಂಥ ರೋಶಿ ಜೊತೆ ತಿನ್ನುವುದು. ಬಫೆಯ ಒಂದು ಮೂಲೆಯಲ್ಲಿ ಸಣ್ಣ ಬಟ್ಟಲಲ್ಲಿ ಇಟ್ಟಿದ್ದರು, ಯಾರೂ ಮುಟ್ಟುತ್ತಿರಲಿಲ್ಲ. ಅಮ್ಮ ಶನಿವಾರ ಬಿಟ್ಟು ದಿನಾ ಅದನ್ನೇ ತಿಂದಳು. ಅಡುಗೆಯ ಹುಡುಗ ನಾಲ್ಕನೇ ದಿನ ಅವಳನ್ನು ಕಂಡ ಕೂಡಲೇ ಬಟ್ಟಲು ತುಂಬಿಸಿಕೊಂಡು ಬಂದ.

ಇನ್ನೊಂದು ಬೆಳಿಗ್ಗೆ ಸೀರೆ ಎತ್ತಿ ಕಟ್ಟಿಕೊಂಡು ಮೊಣಕಾಲುದ್ದ ನೀರಲ್ಲಿ ನಿಂತಿದ್ದಳು. ಮೊಳದುದ್ದದ ಮೀನೊಂದು ಬೆನ್ನ ಮೇಲೆ ಕಪ್ಪು ತುದಿಯ ರೆಕ್ಕೆ ಎತ್ತಿಕೊಂಡು ಅವಳ ಕಾಲು ಬಳಸಿ ಹೋಯಿತು. ಬಾಳೆಮೀನು ಅಂದುಕೊಂಡು ಬಗ್ಗಿ ನೋಡುತ್ತಿದ್ದಳು. ಅಜ್ಜಿ, ಅದು ಶಾರ್ಕ್ ಮರಿ ಅಂತ ಮಗ ಕೂಗಿದ. ಅಮ್ಮ ಕದಲಲಿಲ್ಲ. "ಮರಿ ತಾನೆ, ಹೋಗಲಿ ಬಿಡು."

ಮಳೆ ವಿಷಯ. ಡಿಸೆಂಬರಿಂದ ಏಪ್ರಿಲ್ ಅಲ್ಲಿ ಒಣ ಹವೆ, ಬೆಲೆಯೂ ಆಕಾಶದಲ್ಲಿ. ಮೇ ಕಳೆದ ಮೇಲೆ ನಮ್ಮದೇ ನೈಋತ್ಯ ಮುಂಗಾರು. ಬೆಲೆ ಇಳಿಯುತ್ತದೆ, ಗಾಳಿ ಏಳುತ್ತದೆ. ದಿನವಿಡೀ ಸುರಿಯುತ್ತದೆ ಅಂತಲ್ಲ, ಆದರೆ ಮೂರು ದಿನ ಮೋಡ ಕವಿದರೂ ಗೊಣಗಬಾರದು. ಅದೇ ಹೊತ್ತಲ್ಲಿ, ಜೂನ್‌ನಿಂದ ನವೆಂಬರ್‌ವರೆಗೆ, ಬಾ ಅನ್ನುವ ಅಟಾಲಿನ ಹನಿಫಾರು ಕೊಲ್ಲಿಗೆ ಅಗಲ ರೆಕ್ಕೆಯ ದೊಡ್ಡ ಮ್ಯಾಂಟಾ ಮೀನುಗಳು ಹಿಂಡುಹಿಂಡಾಗಿ ಮೇಯಲು ಬರುತ್ತವೆ. ಅಲ್ಲಿ ಮೇಲೆ ತೇಲಿಕೊಂಡೇ ನೋಡಬೇಕು, ಸಿಲಿಂಡರ್ ಕಟ್ಟಿಕೊಂಡು ಮುಳುಗಲು ಬಿಡುವುದಿಲ್ಲ. ಈಜು ಬರುವವರಿಗೆ ಮಳೆಗಾಲ ನಷ್ಟವಲ್ಲ. ಅಕ್ಕನ ಮಗಳಿಗೆ ಈಜು ಬರುತ್ತದೆ, ಅವಳನ್ನು ಮದುವೆಯಾಗುವ ಹುಡುಗನಿಗೆ ಬರುವುದಿಲ್ಲ. ಬೆಂಗಳೂರಲ್ಲಿ ಬೆಳೆದವನು, ಪಾಪ.

ದಿನಾ ಬೇರೆ ಅಂಗಡಿಯ ಟೀ ಬೇಕು ಅನ್ನುವ ನಮ್ಮಂಥವರಿಗೆ ಇನ್ನೊಂದು ದಾರಿ ಇದೆ. ಜನ ವಾಸ ಮಾಡುವ ಮಾಫುಶಿಯಂಥ ದ್ವೀಪಗಳಲ್ಲೂ ಈಗ ಗೆಸ್ಟ್‌ಹೌಸ್‌ಗಳಿವೆ. ರಸ್ತೆ ಇದೆ, ಅಂಗಡಿ ಇದೆ, ಎದುರು ಹೋಟೆಲ್ ಇದೆ. ಮದ್ಯ ಮಾತ್ರ ಇಲ್ಲ, ಈಜುಡುಗೆಗೆ ಬೇರೆ ಬೀಚು. ಬೆಲೆ ಬಹಳ ಕಡಿಮೆ. ಇದನ್ನು ಹೇಳಿದ್ದಕ್ಕೆ "ಹನಿಮೂನಿಗೆ ಹೋಗೋರಿಗೆ ಪಿಜಿ ತೋರಿಸ್ತೀರಲ್ಲ ಮಾವ" ಅಂದಳು. ಸುಮ್ಮನಾದೆ. ಇಷ್ಟು ದುಡ್ಡಿಗೆ ಕಬಿನಿಯಲ್ಲಿ ಎಷ್ಟು ದಿನ ಇರಬಹುದು ಅನ್ನುವ ಮಾತು ಬಾಯಿ ತುದಿಗೆ ಬಂದಿತ್ತು, ಅದನ್ನೂ ನುಂಗಿಕೊಂಡೆ.

ನಿನ್ನೆ ರಾತ್ರಿ ಅವಳೇ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. ಮೂರು ಲಿಂಕೂ ಬಿಟ್ಟು ನಾಲ್ಕನೆಯದು. ಮಾಲೆಯಿಂದ ಸ್ಪೀಡ್‌ಬೋಟಲ್ಲಿ ಮುಕ್ಕಾಲು ಗಂಟೆ, ರಾತ್ರಿ ಇಳಿದರೂ ಕರೆದುಕೊಂಡು ಹೋಗುತ್ತಾರೆ. ದಡದ ಮೇಲಿನ ಮನೆ, ಮೂರು ಹೊತ್ತು ಊಟ. ದ್ವೀಪದ ಒಂದು ಕಡೆ ಕಡುನೀಲಿ ಅಂಚಿಗೆ ಕೆಂಪು ಗೆರೆ ಎಳೆದಿದ್ದಳು, ಇನ್ನೊಂದು ಕಡೆಯ ತಿಳಿನೀಲಿ ಬಯಲ ಮೇಲೆ "ಇದು ಅವರಿಗೆ" ಅಂತ ಬರೆದಿದ್ದಳು.

ಈಗ ಅಡುಗೆಮನೆಯಲ್ಲಿ ಅಮ್ಮ ಕೊಬ್ಬರಿ ತುರಿಯುತ್ತಿದ್ದಾಳೆ. ಸ್ಪೀಡ್‌ಬೋಟಿಗೆ ಸೀಪ್ಲೇನಿನ ಹಾಗೆ ತೂಕ ಹಾಕುತ್ತಾರಾ ಅಂತ ಆಗಲೇ ಎರಡು ಸಲ ಕೇಳಿ ಆಯಿತು.