ಸಾವಿರ ಪದ ಸಾಕು ಎನ್ನುವ ಮಾತಿನ ಬಗ್ಗೆ ಒಂದು ಸ್ಪಷ್ಟನೆ

"ಹೆಚ್ಚು ಬಳಕೆಯ 1000 ಪದ ಬಾಯಿಪಾಠ ಮಾಡಿ, ಯಾವ ಭಾಷೆಯಾದರೂ ಬರುತ್ತದೆ" ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಇದು ಅರ್ಧ ಮಾತ್ರ ನಿಜ.

ಇಂಗ್ಲಿಷ್ ಬರಹದಲ್ಲಿ ಆ ಸಾವಿರ ಪದಗಳೇ ಸುಮಾರು ಮುಕ್ಕಾಲು ಭಾಗ ತುಂಬಿರುತ್ತವೆ, ಸರಿ. ಆದರೆ ವಿಷಯ ಜಾಸ್ತಿ ಅಡಗಿರುವುದು ಉಳಿದ ಪದಗಳಲ್ಲಿ. ಕಾದಂಬರಿ, ಪತ್ರಿಕೆಗಳನ್ನು ಯಾರ ನೆರವೂ ಇಲ್ಲದೆ ಓದಲು 8000ದಿಂದ 9000 ಪದಕುಟುಂಬಗಳು (ಒಂದು ಮೂಲ ಪದ ಮತ್ತು ಅದರಿಂದ ಹುಟ್ಟುವ ರೂಪಗಳು ಸೇರಿ ಒಂದು ಕುಟುಂಬ) ಬೇಕು ಎಂದು ಭಾಷಾವಿಜ್ಞಾನಿ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದ್ದರು.

ಎಣಿಕೆಗಿಂತ ದೊಡ್ಡ ಸಮಸ್ಯೆ ಇನ್ನೊಂದಿದೆ. ಪದಗಳು ಒಂಟಿಯಾಗಿ ಬದುಕುವುದಿಲ್ಲ, ಅಲ್ವಾ? 'ನಿರ್ಧಾರ'ವನ್ನೇ ನೋಡಿ. ಇಂಗ್ಲಿಷಿನಲ್ಲಿ ಅದನ್ನು 'ಮೇಕ್' ಮಾಡುತ್ತಾರೆ. ಫ್ರೆಂಚರು 'ಪ್ರಾಂದ್ರ್' ಅಂದರೆ ತೆಗೆದುಕೊಳ್ಳುತ್ತಾರೆ. ಜರ್ಮನ್ನರು ಬಳಸುವುದು 'ಟ್ರೆಫೆನ್'. ಅದರ ಸಾಮಾನ್ಯ ಅರ್ಥ ಭೇಟಿಯಾಗುವುದು! ಎರಡೂ ಪದ ಬಿಡಿಯಾಗಿ ಗೊತ್ತಿದ್ದರೂ ಈ ಜೋಡಿ ಹೊಳೆಯುವುದಿಲ್ಲ. ಮಳೆ ಜೋರಾದರೆ ಇಂಗ್ಲಿಷಿನಲ್ಲಿ 'ಹೆವಿ ರೇನ್', ಗಾಳಿ ಜೋರಾದರೆ 'ಸ್ಟ್ರಾಂಗ್ ವಿಂಡ್'.

ಹಾಗಂತ ಪದಪಟ್ಟಿಯನ್ನು ಸುಮ್ನೆ ಎಸೆಯಬೇಡಿ. ಶುರುವಿಗೆ ಅದು ಒಳ್ಳೆಯದೇ. ಕಲಿಸುವವರು ಪ್ರತಿ ಹೊಸ ಪದದ ಜೊತೆ ಅದರ ಒಂದೆರಡು ಸಂಗಾತಿ ಪದಗಳನ್ನೂ, ಒಂದು ಪುಟ್ಟ ವಾಕ್ಯವನ್ನೂ ಬರೆಸಲಿ.