ಕಾರನ್ನೂ ದಡಕ್ಕೆ ಕಟ್ಟುವ ಊರು

ಹಾಂಗ್‌ಕಾಂಗ್‌ನಲ್ಲಿ ಕ್ಯಾಂಟನೀಸ್ ಅನ್ನುವ ಚೀನೀ ನುಡಿ ಮಾತಾಡುವವರು ಕಾರ್ ಪಾರ್ಕ್ ಮಾಡುವುದಕ್ಕೆ ‘ಪಾಕ್ ಛೇ’ ಅನ್ನುತ್ತಾರೆ. ಛೇ ಅಂದರೆ ಗಾಡಿ, ನಮ್ಮ ಬೇಸರದ ಛೇ ಅಲ್ಲ. (ಜಾಗ ಸಿಗದೇ ಮೂರು ಸುತ್ತು ಹೊಡೆದವರಿಗೆ ಎರಡೂ ಒಂದೇ ಇರಬಹುದು.) ಪಾಕ್ ಅಂದ ಕೂಡಲೇ ಇಂಗ್ಲಿಷಿನ ಪಾರ್ಕ್ ನೆನಪಾಗುತ್ತೆ ಅಲ್ವಾ? ಆದರೆ ಬರೆಯುವಾಗ ಅವರು ಹಾಕುವ ಅಕ್ಷರ ನೋಡಿ. ಎಡಗಡೆ ನೀರಿನ ಮೂರು ಹನಿ, ಬಲಗಡೆ ‘ಬಿಳಿ’ ಅನ್ನುವ ಅಕ್ಷರ. ದೋಣಿಯನ್ನು ದಡಕ್ಕೆ ತಂದು ನಿಲ್ಲಿಸುವುದಕ್ಕೆ ಇರುವ ಹಳೇ ಅಕ್ಷರ ಅದು. ದೋಣಿಗಾದರೆ ‘ಬೋಕ್’ ಅಂತ ಓದುತ್ತಾರೆ, ಕಾರಿಗಾದರೆ ‘ಪಾಕ್’.

ಅಲ್ಲಿ ಜನರನ್ನು ಬಂದರು ದಾಟಿಸುವ ಸ್ಟಾರ್ ಫೆರಿ ದೋಣಿ ಹಡಗುಕಟ್ಟೆಗೆ ಬಂದು ತಾಗುವುದನ್ನು ನೋಡಬೇಕು. ನಾವಿಕರ ನೀಲಿ ಅಂಗಿ ತೊಟ್ಟವನೊಬ್ಬ ದಪ್ಪ ಹಗ್ಗ ಎಸೆಯುತ್ತಾನೆ, ಕಟ್ಟೆ ಮೇಲಿರುವವನು ಅದನ್ನು ಉದ್ದನೆ ಕೋಲಿನ ಕೊಕ್ಕೆಯಲ್ಲಿ ಹಿಡಿದೆಳೆದು ಕಬ್ಬಿಣದ ಗೂಟಕ್ಕೆ ಹಾಕುತ್ತಾನೆ, ದೋಣಿ ಒಂದು ಸಲ ಹೊಯ್ದಾಡಿ ಸುಮ್ಮನಾಗುತ್ತೆ. ಪಕ್ಕದ ರಸ್ತೆಯಲ್ಲಿ ಹಗ್ಗವೂ ಇಲ್ಲ, ಕೊಕ್ಕೆಯೂ ಇಲ್ಲ, ಹ್ಯಾಂಡ್‌ಬ್ರೇಕ್ ಎಳೆದರೆ ಮುಗೀತು. ಅದಕ್ಕೂ ಅದೇ ಅಕ್ಷರ! ನನಗೇನೂ ಆಶ್ಚರ್ಯವಿಲ್ಲ. ಬಿರುಗಾಳಿ ಬಂದರೆ ದೋಣಿಗಳು ಒಳಗೆ ಸೇರಿಕೊಳ್ಳಲಿ ಅಂತ 1883ರಲ್ಲೇ ಕಾಸ್‌ವೇ ಬೇ ಅನ್ನುವ ಕೊಲ್ಲಿಯಲ್ಲಿ ಅಲೆ ತಡೆಯುವ ಗೋಡೆ ಕಟ್ಟಿಕೊಂಡ ಊರು ಅದು, ಎಷ್ಟೋ ಸಂಸಾರಗಳು ದೋಣಿಯಲ್ಲೇ ಹುಟ್ಟಿ ಬೆಳೆದಿದ್ದವು. ಪಾರ್ಕಿಂಗ್ ಕಟ್ಟಡಗಳ ಬೋರ್ಡಿನಲ್ಲಿ ಮಾತ್ರ ‘ಗಾಡಿ ನಿಲ್ಲಿಸುವ ಜಾಗ’ ಅಂತ ಸಪ್ಪೆಯಾಗಿ ಬರೆದಿರುತ್ತೆ.

ಸಿಕ್ಕಸಿಕ್ಕಲ್ಲಿ ನಿಲ್ಲಿಸಿದರೆ ದಂಡದ ಚೀಟಿ ಗ್ಯಾರಂಟಿ. ಅದಕ್ಕೆ ಜನ ಇಟ್ಟ ಹೆಸರು ‘ಒಣಗಿಸಿದ ದನದ ಮಾಂಸ’. ಪ್ಲಾಸ್ಟಿಕ್ ಹೊದಿಕೆಯಲ್ಲಿ ಸಿಕ್ಕಿಸಿದ ಚೀಟಿ ಅಂಗಡಿಯ ಆ ಪೊಟ್ಟಣದ ಥರಾನೇ ಕಾಣುತ್ತಿತ್ತು ಅಂತ.

ಈ ‘ಪಾಕ್’ ಅನ್ನುವ ಮಾತು ಮದುವೆ ಮನೆಗೂ ನುಗ್ಗಿದೆ. ದುಡ್ಡಿದ್ದವನನ್ನು ಕಟ್ಟಿಕೊಂಡ ಹುಡುಗಿಯನ್ನು ‘ಒಳ್ಳೇ ಹಡಗುಕಟ್ಟೆಗೆ ಪಾಕ್ ಆದಳು’ ಅನ್ನುತ್ತಾರೆ, ಸ್ವಲ್ಪ ಹೊಟ್ಟೆಕಿಚ್ಚು ಸೇರಿಸಿ. ನಾವೂ ಮಗಳನ್ನು ‘ಒಂದು ದಡ ಸೇರಿಸಿದೆ’ ಅನ್ನುತ್ತೇವೆ, ಆದರೆ ನಮ್ಮದರಲ್ಲಿ ಅಪ್ಪ ಅಮ್ಮನ ನಿಟ್ಟುಸಿರು ಜಾಸ್ತಿ, ಕುಹಕ ಕಮ್ಮಿ. ಇನ್ನು 2021ರಲ್ಲಿ ಅಲ್ಲಿನ ಪೀಕ್ ಗುಡ್ಡದ ಮೇಲೆ ಒಂದೇ ಒಂದು ಕಾರಿನ ಜಾಗ 1 ಕೋಟಿ 2 ಲಕ್ಷಕ್ಕೆ ಮಾರಾಟವಾಯಿತು. ರೂಪಾಯಿ ಅಲ್ಲ, ಹಾಂಗ್‌ಕಾಂಗ್ ಡಾಲರ್. ಅಂಥದ್ದೊಂದು ಜಾಗ ಸ್ವಂತಕ್ಕಿರುವ ಗಂಡು ಸಿಕ್ಕರೆ ಹುಡುಗಿಯೂ ಪಾಕ್, ಕಾರೂ ಪಾಕ್.